ಕಂಕುಳಲ್ಲೊಂದು ಗಂಟು

“ಮುಟ್ಟಬೇಡ ಅವಳನ್ನ!”

ಲಾಂಡ್ರಿ ಮಾಲೀಕ ಗದರಿದ ರಭಸಕ್ಕೆ ಸೊಸೆಯ ಕೈಯಲ್ಲಿದ್ದ ಲೋಟ ತುಳುಕಿತು. ಹೊಲಿಗೆ ಬಿಚ್ಚಿಸಿಕೊಂಡು ಆಸ್ಪತ್ರೆಯ ಮಂಚಕ್ಕೆ ಒರಗಿದ್ದ ಅತ್ತೆಗೆ ಅವಳು ನೀರು ಕೊಡಲು ಹೋಗಿದ್ದಳು, ಅಷ್ಟೆ.

ಅವನಿಗೆ ಆ ಹುಡುಗಿಯನ್ನು ಕಂಡರೆ ಮೈಯೆಲ್ಲ ಉರಿಯುವಷ್ಟು ಅಸಹ್ಯ. ಮಗ ಮೆಚ್ಚಿ ಕಟ್ಟಿಕೊಂಡು ಬಂದವಳು. ತೋಳಿನ ತುಂಬ ಬಳ್ಳಿಯ ಹಚ್ಚೆ. ಜನ್ಮವೆಲ್ಲ ಕಂಡವರ ಬಟ್ಟೆಯ ಕೊಳೆ ತೆಗೆದವನ ಮನೆಗೆ, ದುಡ್ಡು ಕೊಟ್ಟು ಚರ್ಮ ಕೊಳೆ ಮಾಡಿಸಿಕೊಂಡವಳು! ಅವಳು ಮುಟ್ಟಿದ ಸೋಪನ್ನು ಅವನು ಕಾಗದದಲ್ಲಿ ಹಿಡಿದು ಎಸೆಯುತ್ತಿದ್ದ. “ನಿಮ್ಮತ್ತೇನ ನೋಡಿ ಕಲಿ,” ಎಂದು ಹಂಗಿಸುತ್ತಿದ್ದ. ಅತ್ತೆಯಾದರೋ ಎಂಥ ಸೆಕೆಯಲ್ಲೂ ತುಂಬುತೋಳಿನ ಬಟ್ಟೆಯನ್ನೇ ತೊಡುವವಳು.

ಅಂಥವಳ ಬಲ ಕಂಕುಳಲ್ಲಿ ಗೋಲಿ ಗಾತ್ರದ ಗಂಟು. ಆ ಕೊಳಕಿಯ ಜೊತೆ ಒಂದೇ ಬಚ್ಚಲು ಬಳಸಿದ್ದಕ್ಕೇ ಹೀಗಾಯಿತೆಂದು ಅವನು ತೀರ್ಮಾನಿಸಿಬಿಟ್ಟಿದ್ದ.

ಮೊದಲ ಸಲ ಬಂದಾಗ ಡಾಕ್ಟರಮ್ಮ ವಿಚಾರಿಸಿದ್ದರು. ಆ ಕೈಗೆ ಸೋಂಕು? ಲಸಿಕೆ? ಬೆಕ್ಕು ಪರಚಿತ್ತಾ? ತೋಳಿನ ಮೇಲಿನ ಈ ಗುರುತು?

ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ಅವನೇ ಉತ್ತರಿಸಿದ್ದ. “ಅದ್ಯಾವುದೂ ಇಲ್ಲ. ಗುರುತು, ಮದುವೆಗೆ ಮುಂಚೆ ಇಸ್ತ್ರಿಪೆಟ್ಟಿಗೆ ತಗುಲಿದ್ದು. ಇವಳ ವಿಷಯ ನನಗೆ ಗೊತ್ತಿಲ್ದೇ ಇರೋದು ಏನಿದೆ?”

ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸಿದ್ದರು.

ಈಗ ಡಾಕ್ಟರಮ್ಮ ನಗುತ್ತಲೇ ಒಳಗೆ ಬಂದರು. “ಕ್ಯಾನ್ಸರ್ ಅಲ್ಲ. ಒಳಗೆಲ್ಲ ಕಪ್ಪಗಿತ್ತು, ನಾವೂ ಹೆದರಿದ್ವಿ. ನೋಡಿದ್ರೆ ಬರೀ ಹಚ್ಚೆಯ ಮಸಿ.”

ಅವನು ಸೊಸೆಯ ಕಡೆ ತಿರುಗಿದ. ಮುಖಕ್ಕೆ ಉಗಿಯುವುದೊಂದು ಬಾಕಿ. “ನಾನು ಬಡ್ಕೊಂಡಿರಲಿಲ್ವಾ? ನಿನ್ನ ಹೊಲಸು ಅವಳಿಗೆ ಅಂಟಿದೆ! ಇವತ್ತೇ ಮನೆ ಬಿಟ್ಟು ತೊಲಗು!”

“ಹಚ್ಚೆ ಅಂಟುರೋಗ ಅಲ್ಲ, ಯಜಮಾನ್ರೇ,” ಎಂದರು ಡಾಕ್ಟರಮ್ಮ. “ಹಾಕಿಸ್ಕೊಂಡವರ ಕಂಕುಳಿಗೇ ಮಸಿ ಇಳಿಯೋದು. ಮೇಲೆ ಎಷ್ಟು ಅಳಿಸಿದ್ರೂ ಒಳಗೆ ಉಳ್ಕೊಂಡುಬಿಡುತ್ತೆ.”

ಹೆಂಡತಿ ಸೊಸೆಯ ಕೈಯಿಂದ ಲೋಟ ಇಸಿದುಕೊಂಡು ಸಾವಕಾಶವಾಗಿ ನೀರು ಕುಡಿದಳು.

“ನಮ್ಮ ಮದುವೆ ಗೊತ್ತಾದ ದಿನ ಇಸ್ತ್ರಿಪೆಟ್ಟಿಗೆ ನಾನೇ ಒತ್ಕೊಂಡೆ,” ಎಂದಳು. “ತೋಳ ಮೇಲಿದ್ದ ಅವನ ಹೆಸರು ಚಿಕ್ಕದು, ಬೇಗ ಮುಗೀತು.”