ಹಿಂದೆ ಕಂಡ ಹಲಗೆ

ಜಲ್ಲಿ ರಸ್ತೆಯ ತಿರುವು ದಾಟಿದವನೇ ಗೇಲೆನ್ ಬ್ರೇಕ್ ಒತ್ತಿದ. ನಿನ್ನೆಯವರೆಗೆ ನರಪಿಳ್ಳೆ ಸುಳಿಯದ ಜಾಗ. ಇವತ್ತು ಸೋಯಾ ಹೊಲದ ಬದಿಗೆ ಒಂಬತ್ತು ಪಿಕಪ್ ಗಾಡಿಗಳು ಸಾಲಾಗಿ ನಿಂತಿದ್ದವು. ಕಿಟಕಿ ಕಿಟಕಿಯಲ್ಲೂ ಒಂದೊಂದು ದುರ್ಬೀನು.

“ಅಯ್ಯೋ ದೇವ್ರೇ,” ಎಂದ. ಬೆಳಿಗ್ಗೆ ಐದರಿಂದ ಪ್ಯಾಕಿಂಗ್ ಪ್ಲಾಂಟಿನಲ್ಲಿ ಹಂದಿ ಕೊಯ್ದು ಭುಜ ಬಿದ್ದುಹೋಗಿತ್ತು. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ತ್ರಾಣ ಉಳಿದಿರಲಿಲ್ಲ. “ಮಾವ, ವಿಡಿಯೋ ಯಾರಿಗೆ ತೋರಿಸಿದ್ರಿ?”

ಆಸೆಪಟ್ಟು ಇವತ್ತೇ ಮೊದಲ ಸಲ ಜೊತೆಗೆ ಬಂದಿದ್ದ ಮಾವ ವರ್ಲ್, ಟೋಪಿಯನ್ನು ಹಣೆಗೆ ಎಳೆದುಕೊಂಡರು. “ಯಾರಿಗೆ ಅಂದ್ರೆ... ಬಂಕಿನ ಕಾಫಿ ಮೇಜಲ್ಲಿ ನಾಲ್ಕು ಜನಕ್ಕೆ. ನಮ್ಮೋರೇ ಕಣಯ್ಯ. ಒಬ್ಬ ತನ್ನ ಫೋನಿಗೂ ಹಾಕ್ಕೊಂಡ.”

“ನೀವೊಬ್ರೇ ನೋಡಿ ಅಂದಿದ್ನಲ್ಲ.”

“ಎಲ್ಲಿ ಅಂತ ಬಾಯಿ ಬಿಟ್ಟಿಲ್ಲ, ನಿನ್ನಾಣೆ! ಕೇಳಿದ್ರು. ಪಕ್ಕದ ರಾಜ್ಯ, ಮಿಸೌರಿ ಕಡೆ ಅಂದ್ಬಿಟ್ಟೆ.”

ಗೇಲೆನ್ ಫೋನು ತೆಗೆದು ಆ ಹನ್ನೊಂದು ಸೆಕೆಂಡಿನ ವಿಡಿಯೋವನ್ನು ಅವರ ಮುಂದೆ ಹಿಡಿದ. ಸೋಯಾ ಮೇಯುತ್ತಿರುವ ಬಿಳಿಬಾಲದ ಗಂಡು ಜಿಂಕೆ ತಲೆ ಎತ್ತುತ್ತದೆ. ಹನ್ನೆರಡು ಕವಲಿನ ಕೊಂಬು, ಮೇಲಿನ ಮೆತ್ತನೆ ತೊಗಲು ಇನ್ನೂ ಉದುರಿಲ್ಲ. ಅದರ ಬೆನ್ನ ಹಿಂದೆ ಕೆಂಪು ಕೊಟ್ಟಿಗೆ. ಕೊಟ್ಟಿಗೆಯ ಗೋಡೆಗೆ ಎಂಟಡಿಯ ಹಲಗೆ, ಹಲಗೆಯ ತುಂಬ ಕೌದಿಯ ಚಿತ್ತಾರದ ನೀಲಿ ನಕ್ಷತ್ರ. ಅದರ ಒಂದು ತುದಿ ಮಾತ್ರ ಹಳದಿ. ಅಂಥ ಹಲಗೆ ಇಡೀ ಕೌಂಟಿಯಲ್ಲಿ ಇರುವುದು ಒಂದೇ.

“ಇದೇನು ಮಾವ?”

“ನಿಮ್ಮತ್ತೆ ಆರ್ಡಿಸ್ ಬರೆದ ಹಲಗೆ...” ಎಂದವರಿಗೆ ಆಗ ಹೊಳೆಯಿತು. “ಥತ್! ದಿನಾ ನೋಡೋದಲ್ವೇನಯ್ಯ, ನನ್ನ ಕಣ್ಣಿಗೇ ಬೀಳ್ಲಿಲ್ಲ.”

ಬೇರೆ ಯಾರಿಗಾದರೂ ಆಗಿದ್ದರೆ ಗೇಲೆನ್ ಚಿತ್ರದ ಹಿಂಬದಿಯನ್ನು ಕತ್ತರಿಸಿಯೇ ಕಳಿಸುತ್ತಿದ್ದ. ಮಾವನದೇ ಹೊಲ, ಮಾವನಿಗೇ ಕಳಿಸುವುದು, ಅದಕ್ಕೇನು ಎಂದು ಬಿಟ್ಟಿದ್ದ. ಹಾಗಾಗಿ ಬೈಯಲು ಬಾಯಿ ಬರಲಿಲ್ಲ.

ನಾಲ್ಕು ಬೇಸಿಗೆಯಿಂದ ಅದರ ಬೆನ್ನು ಹತ್ತಿದ್ದ! ಆ ಜಿಂಕೆ ಎಲ್ಲಕ್ಕಿಂತ ಕೊನೆಗೆ, ತಲೆ ತಗ್ಗಿಸಿ ನಿಧಾನಕ್ಕೆ ಬರುತ್ತದೆಂದು ಅದಕ್ಕೆ ಪಾದ್ರಿ ಅಂತ ಹೆಸರಿಟ್ಟಿದ್ದ. ಮನುಷ್ಯರ ವಾಸನೆ ಹತ್ತಬಾರದೆಂದು ಜುಲೈ ದಾಟಿದ ಮೇಲೆ ಬೇಟೆ ಶುರುವಾಗುವವರೆಗೆ ಆ ಹೊಲಕ್ಕೆ ಒಂದು ಹೆಜ್ಜೆ ಇಟ್ಟವನಲ್ಲ. ದೂರದಲ್ಲಿ ಗಾಡಿ ನಿಲ್ಲಿಸಿ ಅಲ್ಲಿಂದಲೇ ಚಿತ್ರ ತೆಗೆಯುತ್ತಿದ್ದ. ಹೋದ ವರ್ಷ ಅದು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರೂ, ಇನ್ನೊಂದು ವರ್ಷ ಬೆಳೆಯಲಿ ಅಂತ ಬಾಣ ಬಿಟ್ಟಿರಲಿಲ್ಲ. “ನಮ್ಮ ಮದುವೇಲೂ ಇಷ್ಟು ವಿಡಿಯೋ ತೆಗೆಸ್ಲಿಲ್ಲ ನೀನು,” ಎಂದು ಹೆಂಡತಿ ಹಂಗಿಸುತ್ತಿದ್ದಳು. ಅಕ್ಟೋಬರ್ ಒಂದಕ್ಕೆ ಬಿಲ್ಲಿನ ಬೇಟೆ ಶುರು. ಇನ್ನು ಐದೇ ವಾರವಿತ್ತು.

ಈ ಒಂಬತ್ತರಲ್ಲಿ ಎಂಟು ಮಂದಿ ಅಲ್ಲಿಯವರೆಗೆ ಕಾಯುವ ಮರ್ಯಾದಸ್ಥರೇ ಇರಬಹುದು. ಆದರೆ ಕೊನೆಯ ಕಪ್ಪು ಗಾಡಿಯ ನಂಬರ್ ಪ್ಲೇಟಿಗೆ ಕೆಸರು ಮೆತ್ತಿತ್ತು. ಮೂರು ವಾರದಿಂದ ಒಂದು ಹನಿ ಮಳೆ ಬಿದ್ದಿಲ್ಲ, ಕೆಸರೆಲ್ಲಿಂದ ಬಂತು? ಹೋದ ವರ್ಷ ಇದೇ ರಸ್ತೆಯ ಬದಿಯ ಚರಂಡಿಯಲ್ಲಿ ತಲೆಯಿಲ್ಲದ ಜಿಂಕೆಯೊಂದು ಸಿಕ್ಕಿತ್ತು. ಕೊಂಬಿನಾಸೆಗೆ ಯಾರೋ ರಸ್ತೆಯಿಂದಲೇ ಗುಂಡು ಹೊಡೆದಿದ್ದರು.

“ಬಂತು,” ಎಂದರು ವರ್ಲ್.

ಕಾಡಿನಂಚಿನಿಂದ ಪಾದ್ರಿ ಹೊರಬಂದು ಸೋಯಾದಲ್ಲಿ ಮೂತಿ ಇಟ್ಟಿತು. ಕಪ್ಪು ಗಾಡಿ ಸದ್ದಿಲ್ಲದೆ ನಾಲ್ಕು ಮಾರು ಮುಂದೆ ಸರಿಯಿತು. ಒಂದು ಸಲ ಹಾರ್ನ್ ಒತ್ತಿದರೆ ಸಾಕು, ಜಿಂಕೆ ಬಚಾವು. ಆದರೆ ಅಷ್ಟು ವಯಸ್ಸಿನ ಜಿಂಕೆ ಒಮ್ಮೆ ಬೆದರಿದರೆ ಹಗಲು ಹೊತ್ತಿನಲ್ಲಿ ಮತ್ತೆ ಆ ಹೊಲ ತುಳಿಯುವುದಿಲ್ಲ. ಗೇಲೆನ್ ಕೈ ಹಾರ್ನಿನ ಮೇಲೆ ಹೋಗಿ ಕೂತಿತು. ಒತ್ತಲಾಗಲಿಲ್ಲ.

“ನಿನ್ನ ಕೈಲಾಗಲ್ಲ ಬಿಡು,” ಎಂದು ವರ್ಲ್ ಬಾಗಿಲು ತೆಗೆದು ಇಳಿದರು.

ಸೊಂಟ ಸರಿಯಿಲ್ಲದ ಮುದುಕ ಚರಂಡಿಗೆ ಇಳಿದು, ಅಂಬೆಗಾಲಿಟ್ಟು ಹತ್ತಿ, ನಡುಮಟ್ಟ ಬೆಳೆದ ಸೋಯಾ ಒಳಕ್ಕೆ ಹೊಕ್ಕರು. ಟೋಪಿ ಕಿತ್ತು ಬೀಸುತ್ತಾ, “ಹೋಗೋ! ಹೋಗಾಚೆ, ಕತ್ತೆ! ನಿಂತ್ಕೊಂಡು ನೋಡ್ತಿದೀಯಾ!” ಎಂದು ಗಂಟಲು ಹರಿಯುವಂತೆ ಕೂಗಿದರು. ಪಾದ್ರಿ ತಲೆ ಎತ್ತಿ ಒಂದು ಗಳಿಗೆ ಅವರನ್ನೇ ನೋಡಿತು. ಬಿಳಿ ಬಾಲ ಮೇಲೆದ್ದಿತು. ಮೂರು ನೆಗೆತಕ್ಕೆ ಕಾಡು ಸೇರಿತು.

ಗಾಡಿಗಳು ಒಂದೊಂದಾಗಿ ಧೂಳೆಬ್ಬಿಸಿ ಹೊರಟವು. ಒಬ್ಬ ಕಿಟಕಿಯಿಂದ ತಲೆ ಹೊರಹಾಕಿ, “ಏನ್ ವರ್ಲ್, ಮಿಸೌರಿ ಇಷ್ಟು ಹತ್ರ ಬಂದ್ಬಿಡ್ತಾ?” ಎಂದು ನಕ್ಕ. ವರ್ಲ್ ಟೋಪಿಯನ್ನು ತಲೆಗೆ ಸಿಕ್ಕಿಸಿಕೊಂಡು ತಿರುಗಿದರು. ಗಾಡಿಗೆ ವಾಪಸು ಬರಲು ಅವರಿಗೆ ಕಾಲು ಗಂಟೆ ಹಿಡಿಯಿತು.

“ಮತ್ತೆ ಬರುತ್ತಾ?” ಉಸಿರು ಸಿಕ್ಕಮೇಲೆ ಕೇಳಿದರು.

“ಇಲ್ಲಿಗೆ ಬರಲ್ಲ ಮಾವ.”

“ಎಲ್ಲಾದ್ರೂ ಬದ್ಕೊಳ್ಳಲಿ.”

ಗೇಲೆನ್ ಫೋನು ನೋಡಿಕೊಂಡ. ಅಭ್ಯಾಸಬಲ, ಬೆರಳು ತನ್ನಷ್ಟಕ್ಕೆ ವಿಡಿಯೋ ತೆಗೆದಿತ್ತು. ಓಡುವ ಬಿಳಿ ಬಾಲ, ಸೋಯಾ ನಡುವೆ ಟೋಪಿ ಬೀಸುವ ಮುದುಕ, ಹಿಂದೆ ಕೊಟ್ಟಿಗೆ. ವರ್ಲ್ ಮೂರು ಸಲ ಹಾಕಿಸಿಕೊಂಡು ನೋಡಿದರು. ಅವರ ಕಣ್ಣು ಜಿಂಕೆಯ ಮೇಲಿರಲಿಲ್ಲ.

“ಆ ಹಳದಿ ತುದಿ ತಪ್ಪಾಗಿ ಬಳಿದುಬಿಟ್ಟಿದ್ಲು. ಬೇಸಿಗೆ ಬರ್ಲಿ, ಸರಿ ಮಾಡ್ತೀನಿ ಅಂದಿದ್ಲು,” ಎಂದರು. ಬೇಸಿಗೆಗೆ ಆರ್ಡಿಸ್ ಇರಲಿಲ್ಲ. ವರ್ಲ್ ಅಳುಕುತ್ತಾ ಕೇಳಿದರು: “ಇದನ್ನ... ನನಗೆ ಕಳಿಸ್ತೀಯೇನಯ್ಯ?”

“ಕಳಿಸ್ತೀನಿ,” ಎಂದು ಗೇಲೆನ್ ಕೀಲಿ ತಿರುಗಿಸಿದ. “ಇನ್ನು ಹಲಗೆ ಕಂಡ್ರೆ ಕಾಣ್ಲಿ ಬಿಡಿ.”