ಸುಳ್ಳು ಹೇಳದ ವಾಚು

ನಿವೃತ್ತ ಹೆಡ್‌ಮಾಸ್ತರ ಗುರುಪಾದಪ್ಪನವರಿಗೆ ಹೆಜ್ಜೆ ಎಣಿಸುವ ವಾಚಿನ ಮೇಲೆ ಎಲ್ಲಿಲ್ಲದ ನಂಬಿಕೆ. "ಮಂದಿ ಸುಳ್ಳು ಹೇಳ್ತಾರ, ಇದು ಹೇಳೂದಿಲ್ಲ" ಎಂದು ಹೆಂಡತಿ ಶಿವಲೀಲಮ್ಮನವರ ಕೈಗೂ ಒಂದು ಕಟ್ಟಿದರು.

ಮರುದಿನ ಕೆರೆ ಸುತ್ತಿ ಸುತ್ತಿ ಕಾಲು ಸೋತರೂ ಅವರದು ಆರೇ ಸಾವಿರ ಹೆಜ್ಜೆ. ಮನೆಯಲ್ಲೇ ಇದ್ದ ಶಿವಲೀಲಮ್ಮನವರದು ಒಂಬತ್ತು ಸಾವಿರ!

"ಎಲ್ಲಿ ತಿರಗಾಕ ಹೋಗಿದ್ದಿ?"

"ಎಲ್ಲೂ ಇಲ್ರಿ. ಒಲಿ ಮುಂದ ಕುಂತಿದ್ದೆ."

"ಹಂಗಾರ ವಾಚ್ ಸುಳ್ಳೇನು?"

"ನೀವ ಹೇಳೀರಲ್ರಿ, ಅದು ಸುಳ್ಳು ಹೇಳೂದಿಲ್ಲಂತ."

ಮೂರನೆಯ ದಿನ ಅವರು ಅಡುಗೆಮನೆಗೆ ಇಣುಕಿದರು. ಶಿವಲೀಲಮ್ಮ ಕುಳಿತಲ್ಲೇ ಟಪಟಪ ರೊಟ್ಟಿ ಬಡಿಯುತ್ತಿದ್ದರು; ಒಂದೊಂದು ಬಡಿತಕ್ಕೂ ವಾಚಿನಲ್ಲಿ ಒಂದೊಂದು ಹೆಜ್ಜೆ ಏರುತ್ತಿತ್ತು.

ನಾಲ್ಕನೆಯ ದಿನ ಮುಂಜಾನೆ ಶಿವಲೀಲಮ್ಮ ಆರಾಮಾಗಿ ಕೆರೆ ಸುತ್ತುತ್ತಿದ್ದರು. ಗುರುಪಾದಪ್ಪನವರು ಮನೆಯಲ್ಲಿ ಬಾಗಿಲು ಹಾಕಿಕೊಂಡು, ವಾಚು ಕಟ್ಟಿದ ಕೈಯಲ್ಲೇ ರೊಟ್ಟಿ ಬಡಿಯಲು ಎರಡು ಸೇರು ಜೋಳದ ಹಿಟ್ಟು ನಾದುತ್ತಿದ್ದರು.