ಹಾವಿನ ಡೇರೆಯಲ್ಲಿ ದೇರಣ್ಣ

"ಹೊರಗೆ ಬರುವಾಗ ಬುಟ್ಟಿ ತೆರೆದು ತೋರಿಸ್ಬೇಕು," ಎಂದ ಡೇರೆಯ ಬಾಗಿಲಲ್ಲಿ ನಿಂತಿದ್ದ ಶುಕೂರ್.

ದೇರಣ್ಣ ಕೈಯಲ್ಲಿದ್ದ ಬುಟ್ಟಿಯನ್ನು ಹಿಂದಕ್ಕೆ ಸರಿಸಿಕೊಂಡ. "ಎಂತಕ್ಕೆ?"

"ಆಲಂಕಾರಿನಲ್ಲಿ ಡೇರೆ ಹಾಕಿದ್ದಾಗ ಯಾರೋ ಭಕ್ತರು ನಮ್ಮ ಒಂದು ನಾಗರವನ್ನು ಕದ್ದು ಕಾಡಿಗೆ ಬಿಟ್ಟಿದ್ದಾರೆ. ಇನ್ನೊಂದು ಹೋದ್ರೆ ಧಣಿ ನನ್ನನ್ನು ಬಿಡುದಿಲ್ಲ ಮಾರಾಯ್ರೆ."

ಐವತ್ತಾರರ ಬೇಸಿಗೆ. ಉಪ್ಪಿನಂಗಡಿಯ ಹೊಳೆಬದಿಯಲ್ಲಿ ಏಲಿಯಾಸ್ ಎಂಬವನು ಡೇರೆ ಹಾಕಿ ಹಾವು, ಕಪ್ಪೆ, ಉಡಗಳನ್ನು ಪ್ರದರ್ಶನಕ್ಕಿಟ್ಟಿದ್ದ. ನಾಗನನ್ನು ಕೂಡಿಹಾಕಿದ ಪಾಪಿ ಎಂದು ಅವನನ್ನು ಬೈಯುತ್ತಲೇ ಜನ ಟಿಕೇಟಿಗೆ ಮುಗಿಬಿದ್ದಿದ್ದರು.

ದೇರಣ್ಣ ನೋಡಲು ಬಂದವನಲ್ಲ. ಮಗಳು ಪ್ರೇಮಾವತಿಗೆ ತಿಂಗಳು ತುಂಬುತ್ತ ಬಂದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ಹೆಂಡತಿ ಕಮಲಾವತಿ ಪಟ್ಟು ಹಿಡಿದಿದ್ದಳು: "ನಾಗನದ್ದೊಂದು ದಾರಿ ಆಗದೆ ಮಗಳನ್ನು ಕರ್ಕೊಂಡು ಬರುದು ಬೇಡ." ನಾಗನಿಗೆ ನೋವಾದರೆ ಹುಟ್ಟುವ ಮಗುವಿಗೂ ತಟ್ಟುತ್ತದೆ ಎಂದು ನಂಬಿದ ಮನೆ ಅದು.

ಡೇರೆಯೊಳಗೆ ಅವನು ಹೆಬ್ಬಾವಿನತ್ತ ಕಣ್ಣೆತ್ತಿಯೂ ನೋಡಲಿಲ್ಲ. ಕಪ್ಪೆಗಳ ತೊಟ್ಟಿಯ ಸುತ್ತ ನಗುತ್ತಿದ್ದವರ ನಡುವೆ, ಬುಟ್ಟಿಗೆ ಯಾರ ಮೊಣಕೈಯೂ ತಾಗದಂತೆ ನುಸುಳಿ ನಾಗರಗಳ ಗುಂಡಿಯ ಬಳಿ ಬಂದ. ಸೊಂಟದೆತ್ತರದ ಕಟ್ಟೆ. ಕೆಳಗೆ ನಾಗರಗಳು ಸುರುಳಿ ಸುತ್ತಿ ಮಲಗಿದ್ದವು. ಏಲಿಯಾಸ್ ಅಲ್ಲೇ ಕಾವಲು ನಿಂತಿದ್ದ.

"ಇವಕ್ಕೆ ಹೊಟ್ಟೆಗೆ ಎಂತ ಕೊಡುದು?" ದೇರಣ್ಣ ಕೇಳಿದ.

"ಕಪ್ಪೆ, ಇಲಿ. ನನ್ನ ಮಕ್ಕಳಿಗಿಂತ ಚಂದ ಸಾಕ್ತೇನೆ."

ದೇರಣ್ಣನಿಗೆ ತುಸು ಸಮಾಧಾನವಾಯಿತು.

ಅಷ್ಟರಲ್ಲಿ ಹೆಬ್ಬಾವಿನ ಪಂಜರದ ಬಳಿ ಯಾರೋ ಕಿರುಚಿದರು. ಏಲಿಯಾಸ್ ಅತ್ತ ಓಡಿದ. ಸಿಕ್ಕಿದರೆ ಇದೇ ಹೊತ್ತು! ದೇರಣ್ಣ ಕೈಮುಗಿದ. "ತಪ್ಪಾಯ್ತು ದೇವರೇ. ಮಗಳಿಗೋಸ್ಕರ ಮಾಡುದು." ಬುಟ್ಟಿಯ ಹಗ್ಗ ಬಿಚ್ಚಿ ಕಟ್ಟೆಯಾಚೆ ಬಗ್ಗಿದ.

ಬಾಗಿಲಲ್ಲಿ ಶುಕೂರ್ ಅಡ್ಡ ನಿಂತ. "ತೆರೀರಿ."

ದೇರಣ್ಣ ಬುಟ್ಟಿಯನ್ನು ಕೆಳಗಿಟ್ಟ. ಮುಚ್ಚಳ ತೆಗೆದ. ಶುಕೂರ್ ಹೆದರುತ್ತ ಇಣುಕಿದ. ಬುಟ್ಟಿ ಖಾಲಿ.

"ಹೋಗಿ ಮಾರಾಯ್ರೆ. ಸುಮ್ನೆ ಸಂಶಯ ಪಟ್ಟೆ."

ದೇರಣ್ಣ ರಸ್ತೆ ಮುಟ್ಟುವ ಮೊದಲೇ ಡೇರೆಯೊಳಗಿಂದ ಏಲಿಯಾಸನ ಕೂಗು ಕೇಳಿಸಿತು: "ಶುಕೂರ್! ಗುಂಡಿಯಲ್ಲಿ ಒಂದು ನಾಗರ ಹೆಚ್ಚುಂಟು ಮಾರಾಯ!"

ಎಷ್ಟು ಸಲ ಕಾಡಿಗೆ ಬಿಟ್ಟರೂ ತನ್ನ ಮನೆಯ ಹೆರಿಗೆಯ ಕೋಣೆಗೇ ಮರಳಿ ಬರುತ್ತಿದ್ದ ನಾಗ ಇನ್ನು ಬರಲಾರನೆಂದು ನಿಟ್ಟುಸಿರುಬಿಟ್ಟು, ದೇರಣ್ಣ ಮಗಳ ಊರಿನ ಬಸ್ಸು ಹತ್ತಿದ.